ಆರನೇ ತಂತಿಯನ್ನು ಮೀಟಿ ತೋರಿಸಿ

ಗಿಟಾರ್‌ನಿಂದ ಸಿಂತ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್) ನುಡಿಸುವ, ಅಂಗೈಯಗಲದ ಮತ್ತೊಂದು ಪೆಟ್ಟಿಗೆಯ ವಿಡಿಯೊವನ್ನು ಈಗಷ್ಟೇ ನೋಡಿ ಮುಗಿಸಿದೆ. ಇದೊಂದನ್ನು ಜೋಡಿಸಿದರೆ ಸಾಕು, ನಿಮ್ಮ ಗಿಟಾರ್ ಯಾವ ಸಿಂತ್ ಬೇಕಾದರೂ ಆಗುತ್ತದೆ ಎಂಬ ಭರವಸೆ ಆರಂಭದಲ್ಲೇ ಬಂತು. ಅಲ್ಲಿಂದ ಮುಂದೆ ನಾನು ಗಮನವಿಟ್ಟು ನೋಡಿದ್ದು ನುಡಿಸುತ್ತಿದ್ದವರ ಬಲಗೈಯನ್ನು. ಮೊದಲ ತಂತಿ, ಎರಡನೆಯದು, ಅಪರೂಪಕ್ಕೊಮ್ಮೆ ಮೂರನೆಯದು. ಎಡಗೈ ಹನ್ನೆರಡನೇ ಫ್ರೆಟ್‌ನ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಆಚೆಗೆ. ಒಂದೊಂದೇ ಸ್ವರ, ನಿಧಾನವಾಗಿ, ಮೇಲೆ ಧಾರಾಳವಾಗಿ ರಿವರ್ಬ್ ಎಂಬ ಕೃತಕ ಅನುರಣನ. ಕೊನೆಯವರೆಗೂ ಆ ಬಲಗೈ ಎಲ್ಲಕ್ಕಿಂತ ದಪ್ಪನೆಯ, ಮಂದ್ರದ ಆರನೇ ತಂತಿಯ ಹತ್ತಿರ ಸುಳಿಯಲಿಲ್ಲ.

ಸಿಟ್ಟು ಬಂದದ್ದು ಅದಕ್ಕೇ. ಇಂಥ ಪ್ರದರ್ಶನಗಳಲ್ಲಿ ಮಂದ್ರದ ತಂತಿಗಳು ಇಲ್ಲವೇ ಇಲ್ಲ ಎಂಬಂತೆ ನುಡಿಸುತ್ತಾರೆ. ಅದೂ ಹೆಚ್ಚಾಗಿ ಮೆಲ್ಲನೆ ಮೇಲೇಳುವ ಪಿಟೀಲು ವೃಂದದಂಥ ಧ್ವನಿಯಲ್ಲಿ. ಆ ಧ್ವನಿ ತಾನೇ ನಿಧಾನವಾಗಿ ತೆರೆದುಕೊಳ್ಳುವುದರಿಂದ ಮೀಟಿದ ಸ್ವರವನ್ನು ಗುರುತಿಸಲು ಯಂತ್ರ ಎಷ್ಟು ತಡ ಮಾಡಿತೆಂದು ಕಿವಿಗೆ ಗೊತ್ತಾಗುವುದೇ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಪಿಯಾನೊ ಧ್ವನಿ ಹಾಕಿ, ಮಂದ್ರದ ಎರಡು ತಂತಿಗಳ ಮೇಲೆ ಚುರುಕಾದ ಬೇಸ್ (ಹಾಡಿಗೆ ಆಧಾರವಾಗುವ ಮಂದ್ರ ಸ್ವರಗಳ) ಸಾಲೊಂದನ್ನು ನುಡಿಸಿದರೆ ಯಂತ್ರದ ನಿಜವಾದ ಯೋಗ್ಯತೆ ಗೊತ್ತಾಗುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಅದು.

ನನ್ನ ಜೊತೆ ನುಡಿಸಿದವರಿಗೆ ಗೊತ್ತಿದೆ, ನಮ್ಮದು ಬೇಸ್ ವಾದಕರಿಲ್ಲದ ಸಣ್ಣ ಮೇಳ. ಬೇಸ್ ನನ್ನ ಹೆಬ್ಬೆರಳಿನಿಂದಲೇ ಬರಬೇಕು. ಹಾಗಾಗಿ ಆರನೇ ತಂತಿ ನನ್ನ ಪಾಲಿಗೆ ಅಲಂಕಾರವಲ್ಲ, ಹಾಡು ನಿಲ್ಲುವುದೇ ಅದರ ಮೇಲೆ.

ಮಂದ್ರದ ತಂತಿ ಯಾಕೆ ತಡವಾಗುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಸ್ವರ ಯಾವುದೆಂದು ತಿಳಿಯಲು ಯಂತ್ರವು ತಂತಿ ಕಂಪಿಸುವುದನ್ನು ಒಂದಿಷ್ಟು ಹೊತ್ತು ಕೇಳಿಸಿಕೊಳ್ಳಲೇಬೇಕು. ಸಾಮಾನ್ಯ ಶ್ರುತಿಯಲ್ಲಿ ಮೊದಲ ತಂತಿ ಸೆಕೆಂಡಿಗೆ ಸುಮಾರು 330 ಸಲ ಕಂಪಿಸುತ್ತದೆ; ಅಂದರೆ ಒಂದು ಕಂಪನಕ್ಕೆ 3 ಮಿಲಿಸೆಕೆಂಡ್. ಆರನೆಯದು ಕಂಪಿಸುವುದು 82 ಸಲ, ಒಂದು ಕಂಪನಕ್ಕೆ 12 ಮಿಲಿಸೆಕೆಂಡ್. ಎರಡು ಕಂಪನಗಳನ್ನು ನೋಡಿ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ 24 ಮಿಲಿಸೆಕೆಂಡ್ ಮುಗಿದಿರುತ್ತದೆ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ 8 ಮೀಟರ್ ಸಾಗುತ್ತದೆ. ಸ್ಪೀಕರನ್ನು 8 ಮೀಟರ್ ಆಚೆ ಇಟ್ಟುಕೊಂಡು ತಾಳಕ್ಕೆ ಸರಿಯಾಗಿ ನುಡಿಸಿ ನೋಡಿ, ನಾನು ಹೇಳುವುದು ಬೆರಳಿಗೇ ತಿಳಿಯುತ್ತದೆ. ಇದರ ಮೇಲೆ ಮಿಡಿ ಸಂದೇಶದ ಸಮಯ ಬೇರೆ; ಯಾವ ಸ್ವರ ನುಡಿಸಬೇಕೆಂದು ಯಂತ್ರ ಸಿಂತ್‌ಗೆ ಹೇಳುವ ಡಿಜಿಟಲ್ ಭಾಷೆಯೇ ಮಿಡಿ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಮಾತ್ರ ಹರಿಯುವುದರಿಂದ ಒಂದು ಸ್ವರಕ್ಕೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ಬೇಕು. ಕಂಪ್ಯೂಟರ್ ನಡುವೆ ಬಂದರೆ ಅದು ಧ್ವನಿಯನ್ನು ತುಸು ಹೊತ್ತು ಕೂಡಿಟ್ಟುಕೊಳ್ಳುವ ಬಫರ್‌ನ ತಡವೂ ಸೇರುತ್ತದೆ.

ಈಗಿನ ಪ್ರೊಸೆಸರ್‌ಗಳು ಬಹಳ ವೇಗದವು, ಆ ಕಾಲ ಹೋಯಿತು ಎಂದು ಹೇಳುವವರಿದ್ದಾರೆ. ಮೇಲಿನ ತಂತಿಗಳ ಮಟ್ಟಿಗೆ ಒಪ್ಪುತ್ತೇನೆ, ಸುಧಾರಣೆ ನಿಜಕ್ಕೂ ದೊಡ್ಡದು. ಆದರೆ ಪ್ರೊಸೆಸರ್ ಎಷ್ಟೇ ಚುರುಕಾದರೂ ತಂತಿ ಬೇಗ ಕಂಪಿಸುವುದಿಲ್ಲ. ಅಭ್ಯಾಸವಾದರೆ ತಡ ಗೊತ್ತಾಗುವುದಿಲ್ಲ ಎನ್ನುವುದು ಇನ್ನೊಂದು ವಾದ. ಎಲ್ಲ ತಂತಿಗಳ ತಡವೂ ಒಂದೇ ಸಮನಾಗಿದ್ದರೆ ಕೈ ಒಗ್ಗಿಕೊಂಡೀತು. ಇಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದಾಗ ಮೊದಲ ತಂತಿ ಮೊದಲು ಬಂದು ಆರನೆಯದು ಆಮೇಲೆ ಬರುತ್ತದೆ. ಬೇಸ್ ಮುಂದೆ ನಡೆಯಬೇಕಾದ ಕಡೆ ಹಿಂದೆ ಬೀಳುತ್ತದೆ. ಅದಕ್ಕೆ ಒಗ್ಗಿಕೊಂಡ ಕೈ, ಸಾದಾ ಗಿಟಾರ್ ಹಿಡಿದಾಗ ತಾಳ ತಪ್ಪುತ್ತದೆ.

ಬೇಸ್ ಸಾಲನ್ನು ಮೂರನೇ ತಂತಿಯಲ್ಲಿ ನುಡಿಸಿ, ಸಿಂತ್‌ನಲ್ಲಿ ಒಂದು ಸ್ಥಾಯಿ ಕೆಳಗಿಳಿಸುವ ಉಪಾಯವೂ ಇದೆ. ಒಳ್ಳೆಯ ಉಪಾಯವೇ, ಬೇಸ್ ಒಂದನ್ನೇ ನುಡಿಸುವವರು ಖಂಡಿತ ಮಾಡಬೇಕು. ಮಂದ್ರದ ತಂತಿಗಳ ಜಾಗಕ್ಕೆ ತೆಳ್ಳನೆಯ ತಂತಿ ಕಟ್ಟಿ, ಶ್ರುತಿಯನ್ನು ಒಂದು ಸ್ಥಾಯಿ ಏರಿಸಿ, ಆಮೇಲೆ ಯಂತ್ರದಲ್ಲಿ ಇಳಿಸುವವರೂ ಇದ್ದಾರೆ. ಆದರೆ ಆ ಗಿಟಾರ್‌ನ ಸ್ವಂತ ಧ್ವನಿ ಆಮೇಲೆ ಯಾತಕ್ಕೂ ಆಗುವುದಿಲ್ಲ. ಎರಡನೇ ಗಿಟಾರ್ ಹೊರಬೇಕು. ಸಣ್ಣ ಸಲಕರಣೆ ಬೇಕೆಂದು ಹೊರಟವರಿಗೆ ಇದು ಪರಿಹಾರವಲ್ಲ.

ಸಣ್ಣದು ಎಂಬುದರ ಬಗ್ಗೆಯೂ ನನ್ನ ತಕರಾರಿದೆ. ಎಲ್ಲರೂ ಪೆಟ್ಟಿಗೆಯ ಅಳತೆ ಕೇಳುತ್ತಾರೆ, ಅದರ ಹಿಂದೆ ಏನೇನು ಹೊರಬೇಕೆಂದು ಕೇಳುವುದಿಲ್ಲ. ಫಿಶ್‌ಮನ್ ಟ್ರಿಪಲ್‌ಪ್ಲೇ ಎಂಬ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಗಿಟಾರ್ ಮೈಮೇಲೇ ಕೂರುತ್ತದೆ, ಕೇಬಲ್ ಇಲ್ಲದೆ ಸಂದೇಶ ಕಳಿಸುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಅದರ ಯುಎಸ್‌ಬಿ ರಿಸೀವರ್ ಕಂಪ್ಯೂಟರನ್ನೋ ಯುಎಸ್‌ಬಿ ಸಾಧನಗಳನ್ನು ಕಂಪ್ಯೂಟರಿನಂತೆ ನಡೆಸಬಲ್ಲ (ಯುಎಸ್‌ಬಿ ಹೋಸ್ಟ್ ಇರುವ) ಇನ್ನೊಂದು ಯಂತ್ರವನ್ನೋ ಬೇಡುತ್ತದೆ. ಜಾಮ್ ಒರಿಜಿನ್‌ನವರ ಮಿಡಿ ಗಿಟಾರ್ ತಂತ್ರಾಂಶಕ್ಕೆ ವಿಶೇಷ ಪಿಕಪ್ಪೇ ಬೇಡ, ಮಾಮೂಲಿ ಗಿಟಾರ್‌ನಿಂದ ಕಾರ್ಡ್‌ಗಳನ್ನೂ ಹಿಡಿಯುತ್ತದೆ. ಜೊತೆಗೆ ಆಡಿಯೊ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ಅಥವಾ ಐಪ್ಯಾಡ್ ಬೇಕು. ಸೊನುಅಸ್ ಜಿ2ಎಂ ನಿಜಕ್ಕೂ ಪುಟ್ಟದು, ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ಒಂದು ಸಲಕ್ಕೆ ಒಂದೇ ಸ್ವರ. ಬಾಸ್ ಕಂಪನಿಯ ಜಿಎಂ-800 ಪೆಟ್ಟಿಗೆಯೊಳಗೇ ಸಿಂತ್ ಇದೆ, ಕಂಪ್ಯೂಟರ್ ಬೇಡ. ಆದರೆ ಅದಕ್ಕೆ ಜಿಕೆ-5 ಪಿಕಪ್ ಆಗಬೇಕು. ನಿಮ್ಮ ಬಳಿ ಹಳೆಯ 13 ಪಿನ್ನಿನ ಪಿಕಪ್ ಇದ್ದರೆ ನಡುವೆ ಇನ್ನೊಂದು ಪರಿವರ್ತಕ ಪೆಟ್ಟಿಗೆ ಸೇರಿತು. ಚೀಲಕ್ಕೆ ಹೋಗುವುದು ಇಡೀ ಸರಪಳಿ.

ಮಿಡಿ ಬೇಕೇ ಬೇಕೆ ಎಂದು ಯಾರೂ ಮೊದಲು ಕೇಳಿಕೊಳ್ಳುವುದಿಲ್ಲ, ಅದೇ ನನಗೆ ಅರ್ಥವಾಗದ್ದು. ಮಿಡಿ ಬಂದದ್ದು 1983ರಲ್ಲಿ. ಅದಕ್ಕಿಂತ ಮುಂಚೆ, 1980ರಲ್ಲಿ ಬಂದ ರೋಲ್ಯಾಂಡ್ ಜಿಆರ್-300 ಅನಲಾಗ್ ಗಿಟಾರ್ ಸಿಂತನ್ನು ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೀನಿ ದಶಕಗಳ ಕಾಲ ನುಡಿಸಿದ್ದಾರೆ. ಇವತ್ತು ಬಾಸ್ ಎಸ್‌ವೈ-1 ಎಂಬ ಒಂಟಿ ಪೆಡಲ್ ಇದೆ: 121 ಧ್ವನಿಗಳು, ಮಾಮೂಲಿ ಪಿಕಪ್, ಮಾಮೂಲಿ ಕೇಬಲ್. ಸ್ವರದ ಹೆಸರು ಕಂಡುಹಿಡಿದು ಸಂದೇಶ ಮಾಡಿ ಕಳಿಸುವ ಹೆಜ್ಜೆಯೇ ಅದರಲ್ಲಿಲ್ಲ. ತಂತಿಯ ನಾದವನ್ನೇ ಹಿಡಿದು ರೂಪಾಂತರಿಸುತ್ತದೆ. ಅದಕ್ಕೇ ಆರನೇ ತಂತಿ ಮೀಟಿದಾಗ ಧ್ವನಿ ಬೆರಳಿನ ಜೊತೆಯಲ್ಲೇ ಏಳುತ್ತದೆ. ಅದರಿಂದ ಬೇರೆ ಸಿಂತನ್ನು ನುಡಿಸಲಾಗದು, ಸ್ವರಲಿಪಿ ಬರೆಸಲಾಗದು, ಮುದ್ರಿಸಿಟ್ಟ ನಿಜ ಪಿಯಾನೊ ಧ್ವನಿಯನ್ನು ಎಬ್ಬಿಸಲಾಗದು. ಅವು ಬೇಡವಾದವರು ಯಾಕೆ ಮಿಡಿಯ ತಡವನ್ನು ಕಟ್ಟಿಕೊಳ್ಳಬೇಕು? ಸಿಂತ್ ಬಣ್ಣದ ನಾದ ಮಾತ್ರ ಬೇಕೆಂದು ಕೇಳಿದವರಿಗೆಲ್ಲ ನಾನು ಇದೇ ಬಗೆಯ ಪೆಡಲನ್ನು ಸೂಚಿಸುತ್ತೇನೆ.

ಮಿಡಿ ಬೇಕೇ ಬೇಕಾದವರು ಪ್ರತಿ ತಂತಿಗೂ ಪ್ರತ್ಯೇಕ ಸಂಕೇತ ಕೊಡುವ ಪಿಕಪ್‌ಗೆ ಹೋಗಿ, ಅದನ್ನು ಕೂರಿಸುವುದಕ್ಕೆ ಒಂದು ಸಂಜೆ ಇಡಿ. ಸೇತುವೆಗೆ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಬ್ರಿಡ್ಜ್) ಆದಷ್ಟು ಹತ್ತಿರ ಇರಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ನಡುವೆ 1 ಮಿಲಿಮೀಟರ್‌ನಷ್ಟೇ ಅಂತರ. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಆರೂ ತಂತಿ ಮೀಟಿ, ಮತ್ತೆ ತಿರುಗಿಸಿ. ಆಮೇಲೆ ಪ್ರತಿ ತಂತಿಯ ಸೂಕ್ಷ್ಮತೆಯನ್ನು ಬೇರೆ ಬೇರೆಯಾಗಿ ಹೊಂದಿಸಿ. ಇಷ್ಟು ಮಾಡದೆ 'ಮೀಟದ ಸ್ವರಗಳೂ ಕೇಳಿಸುತ್ತವೆ' ಎಂದು ಯಂತ್ರವನ್ನು ದೂರುವುದು ಅನ್ಯಾಯ.

ಸಿಂತ್ ಕಡೆಯಲ್ಲೂ ಎರಡು ವಿಷಯ ನೋಡಿ. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಸಂದೇಶ, ಮಿಡಿಯ ಒಂದು ಇಡೀ ಚಾನೆಲ್‌ಗೆ (ಸಂದೇಶಗಳ ಪ್ರತ್ಯೇಕ ಹಾದಿ) ಅನ್ವಯಿಸುತ್ತದೆ. ಆರು ತಂತಿಗಳೂ ಒಂದೇ ಚಾನೆಲ್‌ನಲ್ಲಿದ್ದರೆ, ಒಂದು ತಂತಿಯನ್ನು ಎಳೆದಾಗ ಉಳಿದ ಸ್ವರಗಳೂ ಜೊತೆಗೆ ಏರುತ್ತವೆ. ತಂತಿಗೊಂದು ಚಾನೆಲ್ ಕೊಡುವ ಮೋನೊ ಮೋಡ್ ನಿಮ್ಮ ಸಿಂತ್‌ಗೆ ಅರ್ಥವಾಗಬೇಕು. ಬೆಂಡ್ ವ್ಯಾಪ್ತಿ ಎರಡೂ ಕಡೆ ಒಂದೇ ಇರಬೇಕು. ಗಿಟಾರ್ ಕಡೆ 12 ಅರ್ಧಸ್ವರ, ಸಿಂತ್ ಕಡೆ 2 ಎಂದಿದ್ದರೆ ಮೂರನೇ ತಂತಿಯ ಚಿಕ್ಕ ಜಾರು ಕೂಡ ಅಪಸ್ವರವಾಗುತ್ತದೆ. ಪುಟ್ಟ ಸಿಂತ್‌ಗಳಲ್ಲಿ ಐದು ಪಿನ್ನಿನ ಬದಲು 3.5 ಮಿಲಿಮೀಟರ್ ಜ್ಯಾಕ್ ಇರುವುದೂ ಸಾಮಾನ್ಯ. ಅದರಲ್ಲಿ ಎ ಮತ್ತು ಬಿ ಎಂಬ ಎರಡು ಬಗೆಗಳಿವೆ, 2018ರಲ್ಲಿ ಎ ಬಗೆಯನ್ನು ಮಾನಕವಾಗಿ ಒಪ್ಪಲಾಯಿತು. ಕೇಬಲ್ ಬಗೆ ಬೇರೆಯಾದರೆ ಸದ್ದೇ ಬರುವುದಿಲ್ಲ.

ನೈಲಾನ್ ತಂತಿಯ ಗಿಟಾರ್ ನುಡಿಸುವ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ತಂತಿಗಳಿಗೆ ಕಾಂತದ ಪಿಕಪ್ ಕೆಲಸಕ್ಕೆ ಬಾರದು. ಸೇತುವೆಯಲ್ಲೇ ತಂತಿಗೊಂದರಂತೆ ಪೀಜೊ (ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್) ಇರಬೇಕು. ಅಂಥದ್ದನ್ನು ಬಳಸುತ್ತಿರುವವರು ಎಡ ಚಾನೆಲ್‌ನಲ್ಲಿ ಗಿಟಾರ್, ಬಲ ಚಾನೆಲ್‌ನಲ್ಲಿ ಸಿಂತ್ ಇಟ್ಟು, ರಿವರ್ಬ್ ಇಲ್ಲದೆ, ಮಂದ್ರದ ಮೂರು ತಂತಿಗಳಲ್ಲಿ ಏನನ್ನಾದರೂ ನುಡಿಸಿ, ಧ್ವನಿ ಮುದ್ರಿಸಿ ಇಲ್ಲಿ ಹಾಕಿ. ಒಂದು ನಿಮಿಷ ಇದ್ದರೂ ಸಾಕು, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳುತ್ತೇನೆ.