ಬೀಗ ಒಡೆದು ಕೇಬಲ್ ಒಯ್ದರೂ ಎನ್‌ಸಿ ಅಂತೆ

ಮೋಟರ್ ರೂಮಿನ ಬೀಗ ಮುರಿದಿದ್ದಾರೆ. ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದಾರೆ. ಬದುವಿನ ಮೇಲೆ ಕೇಬಲ್‌ನ ರಬ್ಬರ್ ಸುಟ್ಟ ಕಪ್ಪು ಬೂದಿ ಬಿದ್ದಿದೆ. ತಾಮ್ರ ಬಿಡಿಸಿಕೊಳ್ಳಲು ನಮ್ಮ ಹೊಲದಲ್ಲೇ ಬೆಂಕಿ ಹಾಕಿದ್ದಾರೆ ಅಂದರೆ ಅವರಿಗೆ ಎಷ್ಟು ಧೈರ್ಯ ನೋಡಿ! ಇತ್ತ ಕಬ್ಬು ಒಣಗುತ್ತಿದೆ.

ಠಾಣೆಗೆ ಹೋದರೆ ಬರೆದುಕೊಳ್ಳುವವರು ಕೇಳಿದ ಮೊದಲ ಮಾತೇ ಕೇಬಲ್ ಎಷ್ಟು ವರ್ಷ ಹಳೇದು ಅಂತ. ಆಮೇಲೆ ಅವರೇ ರೇಟು ಕಟ್ಟಿದರು. "ಹಳೇ ಕೇಬಲ್, ನಾಲ್ಕು ಸಾವಿರ ಆಗಬಹುದು ಬಿಡ್ರಿ. ಐದರ ಒಳಗ ಐತಿ, ಎನ್‌ಸಿ ಮಾಡ್ತೀವಿ. ನಮಗ ಹಿಡಿಯೋ ಪವರ್ ಇಲ್ರೀ." ಎನ್‌ಸಿ ಅಂದರೆ ಅಸಂಜ್ಞೇಯ, ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಪ್ರಕರಣ.

ಗುಜರಿ ಲೆಕ್ಕದಲ್ಲಿ ನಾಲ್ಕು ಸಾವಿರ! ಹೊಸ ಕೇಬಲ್‌ಗೆ ಅಂಗಡಿಯವರು ಅದರ ಎರಡು ಪಟ್ಟಿಗಿಂತ ಜಾಸ್ತಿ ಹೇಳಿದ್ದಾರೆ. ಬಿಲ್ ತೋರಿಸುತ್ತೇನೆ ಅಂದರೂ ಕೇಳಲಿಲ್ಲ.

ಹಳೇ ಕಾನೂನಿನಲ್ಲಿ ಕಳ್ಳತನ ಅಂದರೆ ಸಂಜ್ಞೇಯ ಅಪರಾಧ. ಮಾಲು ಎಷ್ಟರದ್ದೇ ಇರಲಿ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು, ತಾವೇ ತನಿಖೆ ಮಾಡಬಹುದಿತ್ತು. 2024ರ ಜುಲೈ 1ರಿಂದ ಹೊಸ ಕಾನೂನು (ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ) ಬಂತು. ಅದರಲ್ಲಿ 5,000 ರೂಪಾಯಿಗಿಂತ ಕಡಿಮೆ ಮಾಲಿನ ಕಳ್ಳತನವನ್ನು ಅಸಂಜ್ಞೇಯ ಮಾಡಿದ್ದಾರೆ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಇಲ್ಲ, ವಾರಂಟ್ ಇಲ್ಲದೆ ಬಂಧನ ಇಲ್ಲ. ಇನ್ನೂ ಕೇಳಿ. ಸಾಮಾನ್ಯ ಜನ ಕಣ್ಣೆದುರೇ ತಪ್ಪು ಮಾಡಿದವರನ್ನು ಬಂಧಿಸಿ ಪೊಲೀಸರಿಗೆ ಒಪ್ಪಿಸಬಹುದು ಅನ್ನೋ ಕಲಂ ಇದೆ. ಆದರೆ ಅದು ಸಂಜ್ಞೇಯ, ಜಾಮೀನುರಹಿತ ಅಪರಾಧಕ್ಕೆ ಮಾತ್ರ. ಅಂದರೆ ನನ್ನ ಹೊಲದಲ್ಲಿ ನನ್ನ ಕೇಬಲ್ ಕತ್ತರಿಸುತ್ತಿರುವವನನ್ನು ಆ ಕಲಂ ಹೇಳಿ ನಾನೂ ಹಿಡಿದು ಕೂರಿಸುವಂತಿಲ್ಲ. ಸಂಸತ್ತಿನಲ್ಲಿ ಇದನ್ನು ಪಾಸು ಮಾಡಿದವರಿಗೆ ಹೊಲದ ಐದು ಸಾವಿರದ ಬೆಲೆ ಏನು ಗೊತ್ತು?

ಸರಿ, ಕಾನೂನು ಹಾಗಿದೆ. ಆದರೆ ನನ್ನ ಕೇಸು ಅದಲ್ಲವೇ ಅಲ್ಲ! ಸಾಮಾನು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಬೇರೆಯೇ ಇದೆ. ಏಳು ವರ್ಷದವರೆಗೆ ಶಿಕ್ಷೆ. ಅದು ಸಂಜ್ಞೇಯ, ಅಲ್ಲಿ ಐದು ಸಾವಿರದ ಮಾತೇ ಬರೋದಿಲ್ಲ. ಸ್ಟಾರ್ಟರ್, ಫ್ಯೂಸ್, ಉಳಿದ ಕೇಬಲ್ ಸುರುಳಿ ಎಲ್ಲ ಇಟ್ಟು ಬೀಗ ಹಾಕಿದ ರೂಮು ಅದು. ಸುರುಳಿಯೂ ಹೋಗಿದೆ. ಮುರಿದ ಬೀಗ ಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಇಟ್ಟೆ. "ಅದನ್ಯಾಕ ತಂದ್ರಿ" ಅಂದರು. ಒಂದು ಪ್ರಕರಣದಲ್ಲಿ ಒಂದೇ ಒಂದು ಸಂಜ್ಞೇಯ ಅಪರಾಧ ಇದ್ದರೂ ಪೂರ್ತಿ ಪ್ರಕರಣವನ್ನು ಸಂಜ್ಞೇಯ ಅಂತಲೇ ನೋಡಬೇಕು ಅಂತ ಕಾನೂನಿನಲ್ಲೇ ಇದೆ. ಸಂಜ್ಞೇಯ ಅಂತ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇದೆಲ್ಲ ಠಾಣೆಯವರಿಗೆ ಗೊತ್ತಿಲ್ಲ ಅಂತ ನಾನು ನಂಬಬೇಕಾ?

ಬಾಗಲಕೋಟೆ ಜಿಲ್ಲೆಯಲ್ಲಿ ನೀರಾವರಿ ಮಾಡೋ ಯಾರಿಗೂ ಕೇಬಲ್ ಕಳವು ಹೊಸದಲ್ಲ. ನಮ್ಮವರು ಸುಮ್ನೆ ಹೊಸದು ತಂದು ಹಾಕಿಕೊಳ್ಳುತ್ತಾರೆ. ದಯವಿಟ್ಟು ಸುಮ್ಮನಿರಬೇಡಿ. ದೂರಿನಲ್ಲಿ ಬೀಗ ಮುರಿದಿದ್ದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಅಂಗಡಿ ಬಿಲ್ ಲಗತ್ತಿಸಿ. ಮುರಿದ ರೂಮಿನ ಫೋಟೋ ತೆಗೆದಿಡಿ.

ನನ್ನ ದೂರು ಎಸ್‌ಪಿಯವರಿಗೆ ಅಂಚೆಯಲ್ಲಿ ಹೋಗಿದೆ. ನಾಗರಿಕ ಸುರಕ್ಷಾ ಸಂಹಿತೆಯ 173(4) ಅದಕ್ಕೇ ಇರೋದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುತ್ತೇನೆ. ಒಬ್ಬರು ಬಂದು ಆ ರೂಮು ನೋಡಿ ಪಂಚನಾಮೆ ಮಾಡಲಿ, ಸುತ್ತಲಿನ ಗುಜರಿ ಅಂಗಡಿಗಳಲ್ಲಿ ಸುಟ್ಟ ತಾಮ್ರ ಯಾರು ತಂದು ಮಾರಿದರು ಅಂತ ಕೇಳಲಿ. ಇಷ್ಟೇ ನಾನು ಕೇಳುತ್ತಿರೋದು.