ಸ್ಪಷ್ಟನೆ: ತನ್ನನ್ನು ನೋಡಿ ನಗುವುದು ಬೇರೆ, ತನ್ನನ್ನೇ ಹಳಿದುಕೊಳ್ಳುವುದು ಬೇರೆ

‘ದಿನವೂ ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳಿ, ಆತ್ಮಗೌರವ ತಾನಾಗಿ ಹೆಚ್ಚುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ 32 ಹೇಳಿಕೆಗಳ ಪ್ರಶ್ನಾವಳಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಎರಡು ಇಲ್ಲಿ ಮುಖ್ಯ. ಕಷ್ಟದ ನಡುವೆಯೂ ನಗುವ ಸಂಗತಿ ಕಾಣಬಲ್ಲ ಹಾಸ್ಯ ಹೆಚ್ಚಿನ ಆತ್ಮಗೌರವದ ಜೊತೆಗೆ ಕಂಡುಬಂತು. ಇತರರ ಮೆಚ್ಚುಗೆಗಾಗಿ ತನ್ನನ್ನೇ ತುಚ್ಛೀಕರಿಸಿಕೊಳ್ಳುವ ಹಾಸ್ಯ ಕುಗ್ಗಿದ ಆತ್ಮಗೌರವ, ಖಿನ್ನತೆ, ಆತಂಕಗಳ ಜೊತೆಗೆ. ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. ಸಂದೇಶ ಬರೆದವರು ಇದಿಷ್ಟನ್ನೂ ನುಂಗಿಬಿಟ್ಟಿದ್ದಾರೆ.

ವ್ಯತ್ಯಾಸ ಮಾತಿನಲ್ಲೇ ಗೊತ್ತಾಗುತ್ತದೆ. ಅಂಗಿಯನ್ನು ಉಲ್ಟಾ ತೊಟ್ಟು ಕಚೇರಿಗೆ ಬಂದವರು ‘ಇವತ್ತು ಹೊಲಿಗೆಯೂ ನಾಲ್ಕು ಜನರನ್ನು ನೋಡಲಿ’ ಎಂದು ನಕ್ಕರೆ ಮನಸ್ಸು ಹಗುರ. ‘ನನ್ನಂಥ ದಡ್ಡನಿಗೆ ಇನ್ನೇನು ಬರುತ್ತದೆ’ ಎಂದು ನಕ್ಕರೆ ಆ ನಗು ತುಟಿಯಲ್ಲಷ್ಟೇ.

ದಪ್ಪಗಿದ್ದಾಳೆಂದು ಸಹಪಾಠಿಗಳು ಹಂಗಿಸುವ ಹುಡುಗಿಗೆ ‘ನೀನೂ ಅವರ ಜೊತೆ ನಕ್ಕುಬಿಡು’ ಎಂದು ಈ ಸಂದೇಶವನ್ನು ದಯವಿಟ್ಟು ಕಳುಹಿಸಬೇಡಿ. ಅವಳಿಗೆ ಬೇಕಿರುವುದು ಹಂಗಿಸುವವರನ್ನು ತಡೆಯುವ ಹಿರಿಯರು.