ಎರಡು ಗುಟುಕಿಗೆ ಎಷ್ಟು ಸಾಮಾನು?

ಚಿಕ್ಕಮಗಳೂರಿನಲ್ಲಿ ಈಗ ಕಾಫಿ ಬೆಳೆಯುವವರಿಗಿಂತ ಕಾಫಿ ಕೆದಕುವವರು ಜಾಸ್ತಿಯಾಗಿದ್ದಾರೆ. ಪುಡಿಯೊಳಗೆ ಬಿಸಿನೀರನ್ನು ಒತ್ತಡದಲ್ಲಿ ನೂಕಿ ಇಳಿಸುವ ಎರಡು ಗುಟುಕಿನ ಕಾಫಿ, ಎಸ್ಪ್ರೆಸೊ. ಅದರ ಪುಡಿಯ ಗಂಟು ಬಿಡಿಸಿ ಕೆದಕೋದಕ್ಕೆಂದೇ ಒಂದು ಸಾಧನ ಬಂದಿದೆ. ಬೆರಳುದ್ದದ ಹಿಡಿ, ಅದರ ತುದಿಗೆ ಏಳೆಂಟು ಸೂಜಿ. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ಸಪೂರ. ಬೆಳ್ಳಂಬೆಳಿಗ್ಗೆ ಅದನ್ನು ಹಿಡಿದು, ಉಸಿರು ಬಿಗಿಹಿಡಿದು, ಕಾಫಿಪುಡಿಯೊಳಗೆ ಮೆಲ್ಲಗೆ ತಿರುಗಿಸುತ್ತಾ ನಿಂತ ಗಂಡಸರು ನಮ್ಮ ಪೇಟೆಯ ವಿಜಯಪುರ ಬಡಾವಣೆಯಿಂದ ಬಸವನಹಳ್ಳಿ ತನಕ ಎಲ್ಲ ಕಡೆ ಕಾಣಸಿಗುತ್ತಾರೆ. ಇವರೆಲ್ಲ ಇವತ್ತಿನವರೆಗೂ ಸಾರಿಗೊಂದು ಒಗ್ಗರಣೆ ಹಾಕಿದವರಲ್ಲ.

ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ ಕಥೆ ಇದೆ. ಪಾಪ, ಬರೀ ಬೀಜ ತಂದರು. ಜೊತೆಗೆ ಪುಡಿ ಒತ್ತೋಕೆ ಒಂದು ಟ್ಯಾಂಪರ್, ಪುಡಿ ಚೆಲ್ಲದ ಹಾಗೆ ಒಂದು ಮ್ಯಾಗ್ನೆಟ್ ಫನಲ್, ಕೆಳಗೆ ಹಾಸೋಕೆ ಒಂದು ರಬ್ಬರ್ ಮ್ಯಾಟ್ ತರಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಹಾಗಾಗಿ ಮುನ್ನೂರು ವರ್ಷಕ್ಕೂ ಮೇಲೆ ನಾವು ಕಾಫಿ ಅಂದುಕೊಂಡು ಏನನ್ನೋ ಕುಡಿದುಬಿಟ್ಟಿದ್ದೇವೆ.

ನಮ್ಮ ಭಾವನನ್ನೇ ನೋಡಿ. ಆಲ್ದೂರು ಕಡೆ ತೋಟ, ಪೇಟೆಯಲ್ಲಿ ಮನೆ. ಹೋದ ವರ್ಷ ಒಂದು ಎಸ್ಪ್ರೆಸೊ ಮಷಿನ್ ತಂದರು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 20 ಬಾರ್ ಅಂತ ಬರೆದಿತ್ತು. ಎಸ್ಪ್ರೆಸೊಗೆ ಬೇಕಾಗೋದು ಸುಮಾರು 9 ಬಾರ್ ಒತ್ತಡ. 20 ಅನ್ನೋದು ಪಂಪು ಗಟ್ಟಿಯಾಗಿ ನೂಕಿದರೆ ಎಷ್ಟು ನೂಕಬಲ್ಲದು ಅನ್ನೋ ಲೆಕ್ಕ ಅಷ್ಟೆ. ಉಳಿದ 11 ಬಾರ್ ಈಗ ನಮ್ಮ ಅಕ್ಕನ ಮೇಲಿದೆ.

ಮಷಿನ್ ಬಂದ ಮೇಲೆ ಕೊರಿಯರ್ ಹುಡುಗ ಮನೆಯವನೇ ಆಗಿಬಿಟ್ಟ. ಮೊದಲು ಸ್ಟೀಲ್ ಟ್ಯಾಂಪರ್ ಬಂತು. ಅದಾದ ಮೇಲೆ ಸ್ಪ್ರಿಂಗ್ ಇರುವ ಟ್ಯಾಂಪರ್ ಬಂತು, ಯಾಕೆಂದರೆ ಮೊದಲನೆಯದಕ್ಕೆ ಎಷ್ಟು ಒತ್ತಿದೆವು ಅಂತ ಹೇಳೋಕೆ ಬರಲ್ಲ. ಆಮೇಲೆ ಪುಡಿಯ ಮೇಲ್ಭಾಗ ಸಮ ಮಾಡುವ ಗುಂಡು ತಟ್ಟೆ. ಪುಡಿಯ ಮೇಲೆ ಇಡುವ ತೂತಿನ ಬಿಲ್ಲೆ. ಪುಡಿಯ ಕೆಳಗೆ ಇಡುವ ಕಾಗದ. ಗಸಿ ಕುಟ್ಟಿ ಹಾಕೋಕೆ ಒಂದು ಡಬ್ಬಿ. ಇದೆಲ್ಲವನ್ನೂ ನಿಲ್ಲಿಸೋಕೆ ಒಂದು ಮರದ ಸ್ಟ್ಯಾಂಡು. ಸ್ಟ್ಯಾಂಡ್ ಒರೆಸೋಕೆ ಒಂದು ಬ್ರಷ್ಷು.

ನೀರು ಚಿಮುಕಿಸೋ ಪುಟ್ಟ ಬಾಟಲಿಯೂ ಇದೆ. ಬೀಜ ಪುಡಿ ಮಾಡುವ ಮುಂಚೆ ಒಂದೆರಡು ಹನಿ ನೀರು ತಾಗಿಸಿದರೆ ಸ್ಟ್ಯಾಟಿಕ್ ಕರೆಂಟು ಕಡಿಮೆಯಾಗಿ ಪುಡಿ ಅಲ್ಲಲ್ಲಿ ಮೆತ್ತಿಕೊಳ್ಳೋದಿಲ್ಲ. ಇದು ಸುಳ್ಳಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ಅಳೆದು ನೋಡಿ ಪ್ರಬಂಧ ಬರೆದಿದ್ದಾರೆ. ತೊಂದರೆ ಏನೆಂದರೆ ನಮ್ಮ ಭಾವನ ಹತ್ತಿರ ಗ್ರೈಂಡರ್ ಇಲ್ಲ. ಬಾಟಲಿ ಇದೆ. ಪುಡಿ ಅಂಗಡಿಯದು. ಅದೂ ಚಿಕೋರಿ ಬೆರೆಸಿದ್ದು. ಹಾಗಾಗಿ ನೀರನ್ನು ಎಲ್ಲಿಗೆ ಚಿಮುಕಿಸಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅಕ್ಕ ಅದನ್ನು ಕರಿಬೇವಿನ ಗಿಡಕ್ಕೆ ಬಳಸುತ್ತಿದ್ದಾಳೆ.

ಈ ಎಸ್ಪ್ರೆಸೊ ಹುಟ್ಟಿದ್ದು ಅವಸರಕ್ಕೆ ಅಂತ ಇವರಿಗೆ ಯಾರಾದರೂ ಹೇಳಬೇಕು. ಇಟಲಿಯ ಟ್ಯೂರಿನ್‌ನಲ್ಲಿ ಏಂಜೆಲೊ ಮೊರಿಯೊಂಡೊ 1884ರಲ್ಲಿ ಆವಿ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದು, 1901ರಲ್ಲಿ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ ಇಳಿಸುವ ಯಂತ್ರ ಮಾಡಿದ್ದು, ಇದೆಲ್ಲ ಗಿರಾಕಿ ಕಾಯಬಾರದು ಅಂತ. 18 ಗ್ರಾಂ ಪುಡಿ, ಅದರ ಎರಡರಷ್ಟು ತೂಕದ ಕಾಫಿ, 25ರಿಂದ 30 ಸೆಕೆಂಡು. ಕೆಲಸ ಮುಗೀತು. ನಮ್ಮೂರಿನಲ್ಲಿ ಮಾತ್ರ ಮದುಮಗಳ ಅಲಂಕಾರ ಮುಗಿಯೋ ಹೊತ್ತಿಗೆ ಮುಹೂರ್ತವೇ ಮೀರಿರುತ್ತದೆ.

ಒಂದು ದಿನ ಭಾವ ನನ್ನನ್ನು ನಿಲ್ಲಿಸಿಕೊಂಡು ಪೂರ್ತಿ ಮಾಡಿ ತೋರಿಸಿದರು. ತೂಕ ಹಾಕಿದರು, 0.1 ಗ್ರಾಂ ಜಾಸ್ತಿ ಬಂತು, ತೆಗೆದರು. ಕೆದಕಿದರು. ಸಮ ಮಾಡಿದರು. ಒತ್ತಿದರು. ಬಿಲ್ಲೆ ಇಟ್ಟರು. ಕಾಫಿ ಬಂತು. ಮೇಲೆ ಹೊಂಬಣ್ಣದ ನೊರೆಯೂ ಬಂತು. "ನೋಡ್ದ್ಯಾ? ಆ ಸೂಜಿಯ ಮಹಿಮೆ ಮಾರಾಯ" ಅಂದರು. ನಾನು ಪುಡಿ ತುಂಬುವ ಬುಟ್ಟಿಯನ್ನು ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಒಳಗಡೆ ಜರಡಿಯ ಹಾಗೆ ತುಂಬಾ ತೂತು. ಹೊರಗಡೆ ಇನ್ನೊಂದು ತಳ, ಅದಕ್ಕೆ ಸೂಜಿಮೊನೆಯಷ್ಟು ಒಂದೇ ಒಂದು ತೂತು.

ಅಗ್ಗದ ಮಷಿನ್‌ಗಳ ಜೊತೆ ಇಂಥ ಎರಡು ತಳದ ಬುಟ್ಟಿಯೇ ಬರುತ್ತದೆ. ಅಂಗಡಿ ಪುಡಿ ಹಾಕುವವರಿಗೆ ಅಂತಲೇ ಮಾಡಿದ್ದು. ಒತ್ತಡವನ್ನು ಪುಡಿ ಹುಟ್ಟಿಸಬೇಕಾಗಿಲ್ಲ, ಆ ಒಂದು ತೂತೇ ಹುಟ್ಟಿಸುತ್ತದೆ. ನೊರೆಯೂ ಆ ತೂತಿನದೇ. ನೀವು ಪುಡಿಯನ್ನು ಕೆದಕಿ, ಸಮ ಮಾಡಿ, 15 ಕೆಜಿ ಭಾರ ಹಾಕಿ ಒತ್ತಿ, ಇಲ್ಲವೇ ಚಮಚದಲ್ಲಿ ಸುರಿದು ಸುಮ್ನೆ ಮುಚ್ಚಿ. ಬರೋದು ಹೆಚ್ಚುಕಮ್ಮಿ ಅದೇ ಕಾಫಿ. ಇದನ್ನು ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ತಳ ಇಲ್ಲದ ಹಿಡಿ ತಗೋಬೇಕು" ಅಂದರು.

ತಗೊಂಡರು. ಬುಟ್ಟಿಯನ್ನು ಕೂರಿಸಿ ಮಷಿನ್‌ಗೆ ಸಿಕ್ಕಿಸುವ ಹಿಡಿ ಅದು, ಬುಟ್ಟಿಯ ತಳ ಹೊರಗೆ ಕಾಣುತ್ತದೆ. ಜೊತೆಗೆ ಒಂದೇ ತಳದ ಬುಟ್ಟಿ. ತಳ ಇಲ್ಲದ ಹಿಡಿ ಕಾಫಿಯ ರುಚಿ ಹೆಚ್ಚಿಸೋದಿಲ್ಲ, ತಪ್ಪು ಎಲ್ಲಾಗಿದೆ ಅಂತ ತೋರಿಸುತ್ತದೆ. ಪುಡಿಯಲ್ಲಿ ಒಂದು ಕಡೆ ಸಡಿಲ ಇದ್ದರೆ ನೀರು ಅಲ್ಲೇ ದಾರಿ ಮಾಡಿಕೊಂಡು ಪಿಚಕಾರಿ ಹಾರುತ್ತದೆ. ಅಂಗಡಿಯ ಫಿಲ್ಟರ್ ಪುಡಿ ಎಸ್ಪ್ರೆಸೊಗೆ ತೀರಾ ದಪ್ಪ. ನಾಲ್ಕೈದು ಸೆಕೆಂಡಿಗೆ ಎಲ್ಲ ಸುರಿದುಹೋಯಿತು, ಅರ್ಧ ಕಪ್ಪಿಗೆ, ಅರ್ಧ ಗೋಡೆಗೆ. "ಏನ್ರೀ, ಗೋಡೆಗೂ ಕಾಫಿ ಕೊಟ್ರಾ? ಸಕ್ಕರೆ ಸಾಕಾ ಕೇಳಿ" ಅಂದಳು ಅಕ್ಕ.

ನ್ಯಾಯವಾಗಿ ಹೇಳಬೇಕೆಂದರೆ ಸಣ್ಣ ಸಾಮಾನೆಲ್ಲ ದಂಡ ಅಂತೇನಿಲ್ಲ. ತಕ್ಕಡಿ ನಿಜವಾಗಿಯೂ ಬೇಕು. ಬುಟ್ಟಿಗೆ ಸರಿಯಾಗಿ ಕೂರುವ ಟ್ಯಾಂಪರ್ ಬೇಕು. ಮಷಿನ್ ಜೊತೆ ಬರುವ ಪ್ಲಾಸ್ಟಿಕ್ಕಿನದು ಅಂಚಿನಲ್ಲಿ ಸುತ್ತಲೂ ಪುಡಿ ಉಳಿಸುತ್ತದೆ. ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದಕ್ಕಿಂತ ಸಮನಾಗಿ ಒತ್ತಿದಿರಾ ಅನ್ನೋದು ಮುಖ್ಯ. ಸಮ ಮಾಡುವ ಗುಂಡು ತಟ್ಟೆ ಮೇಲ್ಭಾಗವನ್ನು ಚಂದ ಕಾಣಿಸುತ್ತದೆ, ಒಳಗಿನ ಗಂಟು ಒಳಗೇ ಇರುತ್ತದೆ. ಬಿಲ್ಲೆ ಇಟ್ಟರೆ ಮಷಿನ್ ಗಲೀಜಾಗೋದು ಕಡಿಮೆ, ರುಚಿಯ ವಿಷಯ ಅವರವರ ನಂಬಿಕೆ. ಅಂದ ಹಾಗೆ, ನಮ್ಮ ಹಿತ್ತಾಳೆ ಫಿಲ್ಟರಿನೊಳಗೂ ಕಡ್ಡಿ ಸಿಕ್ಕಿಸಿದ ತೂತಿನ ಬಿಲ್ಲೆ ಇರುತ್ತಿತ್ತು. ಅರ್ಧ ಮನೆಗಳಲ್ಲಿ ಅದು ಕಳೆದುಹೋಗಿ ಎಷ್ಟೋ ವರ್ಷವಾಯಿತು. ಡಿಕಾಕ್ಷನ್ ಇನ್ನೂ ಇಳಿಯುತ್ತಲೇ ಇದೆ.

ಸೂಜಿಯ ಕಥೆ ಇನ್ನೂ ಚೆನ್ನಾಗಿದೆ. 2005ರ ಸುಮಾರಿಗೆ ಅಮೆರಿಕದ ಜಾನ್ ವೈಸ್ ಇದನ್ನು ಹೇಳಿಕೊಟ್ಟರು. ಮನೆ ಗ್ರೈಂಡರಿನಲ್ಲಿ ಪುಡಿ ಗಂಟು ಕಟ್ಟುತ್ತಿತ್ತು. ಮೊಸರಿನ ಡಬ್ಬಿಯ ತಳ ಕತ್ತರಿಸಿ ಫನಲ್ ಮಾಡಿ, ಸೂಜಿಯಿಂದ ಕೆದಕಿ ಗಂಟು ಬಿಡಿಸಿದರು. ಖರ್ಚು ಏನೂ ಇಲ್ಲ. ಅದೇ ಈಗ ವಾಲ್ನಟ್ ಮರದ ಹಿಡಿ ಹಾಕಿಕೊಂಡು, ಕಪ್ಪು ಡಬ್ಬಿಯಲ್ಲಿ ಕೂತು, ಸಾವಿರಗಟ್ಟಲೆ ಬೆಲೆಗೆ ಮಾರಾಟವಾಗುತ್ತಿದೆ. ಗ್ರೈಂಡರೇ ಇಲ್ಲದವರಿಗೂ.

ಇಷ್ಟಕ್ಕೂ ಭಾವನ ಕಾಫಿ ಕೆಡೋದು ಅಡುಗೆಮನೆಯಲ್ಲಲ್ಲ. ಕೊಯ್ಲಿನಲ್ಲಿ ಆಳು ಸಿಗೋದಿಲ್ಲ ಅಂತ ಕೆಂಪು ಹಣ್ಣು, ಹಸಿರು ಕಾಯಿ ಒಟ್ಟಿಗೆ ಬಾಚಿಸುತ್ತಾರೆ. ಕಣದಲ್ಲಿ ಒಣಗಿದೆಯೋ ಇಲ್ಲವೋ ಅಂತ ಬೀಜ ಕಚ್ಚಿ ನೋಡುತ್ತಾರೆ. ಅಲ್ಲಿ 0.1 ಗ್ರಾಮಿನ ಮಾತೇ ಇಲ್ಲ, 50 ಕೆಜಿ ಮೂಟೆಗೆ ರೇಟ್ ಎಷ್ಟು ಅನ್ನೋದೊಂದೇ ಮಾತು. ಮೂಟೆಯೆಲ್ಲ ವ್ಯಾಪಾರಿಗೆ ಹೋಗುತ್ತದೆ. ನಮ್ಮ ದೇಶದ ಕಾಫಿ ಅತಿ ಹೆಚ್ಚು ಕೊಳ್ಳೋದು ಇಟಲಿ. ಭಾವನ ಬೀಜವೂ ಅಲ್ಲಿಗೇ ಹೋಗಿ ಎಸ್ಪ್ರೆಸೊ ಆಗಿದ್ದರೆ ಆಶ್ಚರ್ಯ ಇಲ್ಲ. ನಮ್ಮ ರೋಬಸ್ಟಾ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ ಅಂತ ಅವರು ತಗೊಳ್ಳುತ್ತಾರೆ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ. ಭಾವನ ಮನೆಯ ಕಪ್ಪಿಗೆ ಮಾತ್ರ ಇವೆರಡೂ ಬೀಳೋದಿಲ್ಲ.

ತೋಟದ ರೈಟ್ರು ಮೊನ್ನೆ ಲೆಕ್ಕದ ಪುಸ್ತಕ ಹಿಡಿದು ಮನೆಗೆ ಬಂದಿದ್ದರು. ಕೌಂಟರ್ ಮೇಲಿನ ಸೈನ್ಯವನ್ನೆಲ್ಲ ನೋಡಿ ಕೇಳಿದರು: "ಸಾವ್ಕಾರ್ರೇ, ಹಸಿ ಕಾಯಿ ಬಾಚಿದ್ದಕ್ಕೂ ಇದ್ರಲ್ಲಿ ಏನಾದ್ರೂ ಸಾಮಾನು ಐತಾ?" ಭಾವ ಗಂಭೀರವಾಗಿ, "ಇನ್ನೂ ಬಂದಿಲ್ಲ ರೈಟ್ರೇ" ಅಂದರು. ಬಂದರೆ ತರಿಸುತ್ತಾರೆ. ಅನುಮಾನವೇ ಬೇಡ.

ಈ ಹುಚ್ಚಿಗೆ ಸರ್ಕಾರದ ಬೆಂಬಲ ಬೇಡವೇ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಗಿಡ, ತಳಿ, ಕಾಂಡಕೊರಕ, ಎಲೆ ತುಕ್ಕು ಅಂತಲೇ ಕಾಲ ಕಳೆದಿದೆ. ಎಸ್.795 ತಳಿ ಕೊಟ್ಟಿದ್ದೇನೋ ಸರಿ. ಆದರೆ ಸೂಜಿ ಏಳಿರಬೇಕೋ ಎಂಟಿರಬೇಕೋ, ಬಲಕ್ಕೆ ತಿರುಗಿಸಬೇಕೋ ಎಡಕ್ಕೋ, ಇದರ ಬಗ್ಗೆ ಒಂದು ಕರಪತ್ರವನ್ನೂ ನಾನು ನೋಡಿಲ್ಲ. ಪಹಣಿಯಲ್ಲಿ ಟ್ಯಾಂಪರಿಗೆ ಒಂದು ಕಾಲಂ ಬೇಕು. ಆನೆ ಬಂದು ತೋಟ ತುಳಿದರೆ ಪರಿಹಾರ ಕೊಡುವ ಹಾಗೆ, ಮಗು ಬಂದು ಮ್ಯಾಗ್ನೆಟ್ ಫನಲ್ ಫ್ರಿಜ್ಜಿಗೆ ಅಂಟಿಸಿದರೆ ಅದಕ್ಕೂ ಪರಿಹಾರ ಕೊಡಬೇಕು. ಹೋಂಸ್ಟೇಯವರಂತೂ ಕೈಮರ ದಾಟಿ ಬರುವ ಪ್ರವಾಸಿಗಳಿಗೆ ಇದನ್ನೆಲ್ಲ ಸಾಲಾಗಿ ಜೋಡಿಸಿ ತೋರಿಸಿ, ಎಸ್ಪ್ರೆಸೊ ಅನುಭವ ಅಂತ ಬೇರೆ ಬಿಲ್ ಹಾಕಬಹುದು. ಪುಡಿ ಮಾತ್ರ ಯಾವ ತಿಂಗಳದ್ದು ಅಂತ ಯಾರೂ ಕೇಳಬಾರದು.

ಹುರಿದ ತಾರೀಕು ಬರೆದಿರುವ ಬೀಜ ತಗೊಳ್ಳಿ, ಒಂದು ವಾರ ಬಿಟ್ಟು, ಕುಡಿಯುವ ಹೊತ್ತಿಗೆ ಒಳ್ಳೆ ಗ್ರೈಂಡರಿನಲ್ಲಿ ಪುಡಿ ಮಾಡಿ, ಈ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಬೇಡವೇ ಬೇಡ ಅಂತ ಭಾವನಿಗೆ ಹೇಳಿದೆ. ಅವರಿಗೂ ಅದು ಸರಿ ಅನ್ನಿಸಿದೆ. ಗ್ರೈಂಡರ್ ತರಬೇಕು ಅಂತ ಅವರಿಗೂ ಬಹಳ ಆಸೆಯಂತೆ. ಆದರೆ ತಂದರೆ ಇಡೋದೆಲ್ಲಿ? ಕೌಂಟರ್ ಮೇಲೆ ಒಂದಿಂಚು ಜಾಗ ಖಾಲಿ ಇಲ್ಲ.